ಅವ್ವನ ಗಾಡಿಯ ಮೂರನೆಯ ಅಳತೆ

ಕೊಟ್ಟೂರಿನಲ್ಲಿ ನಮ್ಮವ್ವ ನೀರಿನ ಗಾಡಿ ಎಳೆಯುತ್ತಿದ್ದಳು. ಶುದ್ಧ ನೀರಿನ ಘಟಕದಲ್ಲಿ ಕ್ಯಾನುಗಳನ್ನು ತುಂಬಿಸಿಕೊಂಡು, ನಾಲ್ಕು ಗಾಲಿಯ ಗಾಡಿಗೆ ಹೇರಿ, ಹೋಟೆಲು, ಅಂಗಡಿಗಳಿಗೆ ಮುಟ್ಟಿಸುವುದು ಅವಳ ಕೆಲಸ. ಗಾಡಿಯ ಮುಂದಕ್ಕೆ ಹಗ್ಗ ಕಟ್ಟಿ ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತಿದ್ದಳು. ಅಪ್ಪ ವರ್ಷದಲ್ಲಿ ಏಳೆಂಟು ತಿಂಗಳು ಕುರಿಹಿಂಡಿನ ಜೊತೆ ಹೊಳೆಯ ಸೀಮೆಯಲ್ಲಿರುತ್ತಿದ್ದ. ಮನೆಯಲ್ಲಿ ನಾವಿಬ್ಬರೇ.

ನಾನು ಆಗ ಮೊದಲ ಪಿಯುಸಿ. ಒಂದು ದಿನ ಭೌತಶಾಸ್ತ್ರದ ಮೇಷ್ಟ್ರು, "ಪುಸ್ತಕದಾಗಿನ ಲೆಕ್ಕ ಬ್ಯಾಡ. ನಿಮ್ಮ ಮನಿ ಹತ್ರ ಚಲಿಸೋ ಒಂದು ವಸ್ತು ಹಿಡೀರಿ, ಅದರ ಮ್ಯಾಲೆ ಬಿದ್ದ ಬಲದ ಸಾಮರ್ಥ್ಯ ಎಷ್ಟು ಅಂತ ತಗೀರಿ," ಎಂದರು. ಬಲವನ್ನು ವೇಗದಿಂದ ಗುಣಿಸಬೇಕು. ಬಲ ಓರೆಯಾಗಿದ್ದರೆ ಗಾಡಿ ಸಾಗುವ ದಿಕ್ಕಿಗೆ ಸಿಗುವ ಪಾಲನ್ನಷ್ಟೇ ಹಿಡಿಯಬೇಕು. ಮೂರು ದಿನ ಅಳೆಯಬೇಕು, ಮೂರೂ ಅಳತೆ ಒಂದಕ್ಕೊಂದು ಹೊಂದಬೇಕು. ನಾನು ಲ್ಯಾಬಿನಿಂದ ಸ್ಪ್ರಿಂಗ್ ತಕ್ಕಡಿ ಕೇಳಿ ತಂದೆ.

"ಇದರಾಗ ನನ್ನ ತೂಗ್ತೀಯೇನು?" ಅವ್ವ ನಕ್ಕಳು.

"ನಿನ್ನ ಅಲ್ಲಬೇ, ನೀ ಎಳಿಯೋದನ್ನ."

ಹಗ್ಗಕ್ಕೂ ಗಾಡಿಗೂ ನಡುವೆ ತಕ್ಕಡಿ ಸಿಕ್ಕಿಸಿದೆ. ನಮ್ಮ ಓಣಿಯ ಏರಿನಲ್ಲಿ ಒಂದು ಕರೆಂಟು ಕಂಬದಿಂದ ಇನ್ನೊಂದಕ್ಕೆ ಮೂವತ್ತು ಮೀಟರು. ಮೊದಲ ದಿನ ಮುಳ್ಳು ನೂರಿಪ್ಪತ್ತು ನ್ಯೂಟನ್ನಿನ ಹತ್ತಿರ ನಿಂತಿತು, ಅವ್ವ ಮೂವತ್ತು ಸೆಕೆಂಡಿನಲ್ಲಿ ಏರು ಹತ್ತಿದಳು. ಹಗ್ಗದ ಓರೆ ಕಳೆದರೆ ನೂರ ನಾಲ್ಕು ವ್ಯಾಟ್. ಎರಡನೆಯ ದಿನ ಅದಕ್ಕಿಂತ ತುಸು ಕಡಿಮೆ.

ಮೂರನೆಯ ದಿನ ಮುಳ್ಳು ಅಲ್ಲೇ ಇತ್ತು, ಕ್ಯಾನುಗಳೂ ಅಷ್ಟೇ ಇದ್ದವು. ಅವ್ವ ಮಾತ್ರ ಮೇಲಿನ ಕಂಬ ಮುಟ್ಟಲು ನಲವತ್ತೆಂಟು ಸೆಕೆಂಡು ತೆಗೆದುಕೊಂಡಳು. ಗಾಲಿಗೆ ಕಲ್ಲು ಕೊಟ್ಟು, ಚಪ್ಪಲಿಯ ಬಾರು ಸರಿಮಾಡುವವಳಂತೆ ನೆಲಕ್ಕೆ ಕುಳಿತಳು. ಬಾರು ಕಿತ್ತಿರಲಿಲ್ಲ. ನನಗೆ ಸಿಟ್ಟು ಬಂದಿತ್ತು.

"ಲೆಕ್ಕ ಎಲ್ಲಾ ಕೆಡ್ತು ನೋಡು. ಇನ್ನೊಂದ್ಸಲ ಎಳಿ, ಲಗೂನ."

ಅವಳು ನನ್ನ ಮುಖ ನೋಡಿದಳು. "ಮೇಷ್ಟ್ರು ಬೈತಾರೇನು?"

"ಮತ್ತೇನು, ಸುಮ್ನಿರ್ತಾರಾ?"

ಅವ್ವ ಗಾಡಿಯನ್ನು ಹಿಂದಕ್ಕೆ ಬಿಡುತ್ತಾ ಕೆಳಗಿನ ಕಂಬಕ್ಕೆ ಒಯ್ದಳು. ಹಗ್ಗ ಹೆಗಲಿಗೆ ಹಾಕಿದಳು. ಈ ಸಲ ಮೂವತ್ತಮೂರು ಸೆಕೆಂಡು. ನಾನು ಮೊದಲಿನದನ್ನು ಹೊಡೆದುಹಾಕಿ ಇದನ್ನು ಬರೆದುಕೊಂಡೆ. ಅವಳು ಏರಿನ ಮೇಲೆ ಬೆನ್ನು ತಿರುಗಿಸಿ ಬಹಳ ಹೊತ್ತು ನಿಂತಿದ್ದಳು. ಕಾಲೇಜಿಗೆ ಹೊತ್ತಾಗುತ್ತದೆಂದು ನಾನು ಓಡಿದೆ. ಮೇಷ್ಟ್ರು ನನ್ನ ಹಾಳೆಯನ್ನು ಇಡೀ ತರಗತಿಗೆ ತೋರಿಸಿದರು.

ನಾಲ್ಕು ತಿಂಗಳ ನಂತರ ಅವ್ವನ ಕಾಲು ಬಾತವು. ಮಲಗಿದರೆ ಉಸಿರು ಹತ್ತದೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಅಪ್ಪನಿಗೆ ಫೋನು ಮಾಡಿದೆ. ಹಿಂಡನ್ನು ಜೊತೆಗಾರರಿಗೆ ಬಿಟ್ಟು ಬಂದ. ದಾವಣಗೆರೆಗೆ ಕರೆದೊಯ್ದೆವು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಹೃದಯದ ಒಂದು ಕವಾಟ ಬಿಗಿದುಕೊಂಡಿದೆ, ಈಗ ಬಹಳ ತಡವಾಗಿದೆ ಎಂದರು ಡಾಕ್ಟರು. "ನಡೆಯೋದು ಯಾವಾಗಿನಿಂದ ನಿಧಾನ ಆಯ್ತು?" ಎಂದು ಕೇಳಿದರು.

ಅಪ್ಪ ನನ್ನ ಕಡೆ ನೋಡಿದ. "ನೀ ಮನ್ಯಾಗಿದ್ದಿ, ಹೇಳವ್ವಾ."

"ಗೊತ್ತಿಲ್ಲ," ಎಂದೆ.

ಹನ್ನೊಂದನೆಯ ದಿನ ಅವ್ವ ಅಲ್ಲೇ ತೀರಿಕೊಂಡಳು.

ಈಗ ನಾನು ಹೂವಿನಹಡಗಲಿಯಲ್ಲಿ ಅದೇ ಭೌತಶಾಸ್ತ್ರ ಕಲಿಸುತ್ತೇನೆ. ಹೋದ ವರ್ಷ, ಅಪ್ಪ ನನ್ನ ಮನೆಗೆ ಬಂದಿದ್ದಾಗ, ಊಟಕ್ಕೆ ಕೂತವನ ಎದುರು ಎಲ್ಲವನ್ನೂ ಹೇಳಿಬಿಟ್ಟೆ: ಎರಡು ಕಂಬ, ನಲವತ್ತೆಂಟು ಸೆಕೆಂಡು, ಮತ್ತೊಮ್ಮೆ ಎಳೆಸಿದ್ದು, ಡಾಕ್ಟರ ಮುಂದೆ ನಾನು ಆಡಿದ ಸುಳ್ಳು.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಮುನ್ನೂರು ಕುರಿಯಾಗ ಒಂದು ಕುಂಟಿದ್ರ ದೂರದಿಂದ್ಲೇ ಗುರ್ತು ಹಿಡೀತೀನಿ," ಎಂದ. "ಆ ಸಲ ದೀಪಾವಳಿಗೆ ಬಂದಾಗ ನಿಮ್ಮವ್ವ ಸಂತಿಗೆ ನನ್ನ ಹಿಂದ ಹಿಂದ ಬರ್ತಿದ್ಲು. ಲಗೂನ ನಡಿ ಅಂತ ನಾನೂ ಬೈದೀನಿ."

ನಾನು ಅವನ ತಟ್ಟೆಗೆ ಪಲ್ಯ ಬಡಿಸಲು ಹೋದೆ. ಅವನು ಕೈ ಅಡ್ಡ ಹಿಡಿದ. ಆಮೇಲೆ ಆ ಕೈಯನ್ನೇ ನನ್ನ ಮೊಣಕೈ ಮೇಲಿಟ್ಟು, ರೊಟ್ಟಿ ಆರುವ ತನಕ ಹಾಗೇ ಕೂತಿದ್ದ.