ಇಪ್ಪತ್ತು ಸೆಕೆಂಡು ಕೂಡಿಸಿ ಹೇಳಿದ ಸೋಮಪ್ಪ ಕಾಕಾ

ಸಂಪಗಾಂವದಲ್ಲಿ ಹಿಟ್ಟಿನ ಗಿರಣಿ ನಡೆಸುವ ಸೋಮಪ್ಪ ಕಾಕಾ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹತ್ತನೆಯ ತರಗತಿ ಓದಿ, ಎರಡು ವರ್ಷ ಸವದತ್ತಿ ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಕಾವಲಿದ್ದು, ಆಮೇಲೆ ಅಪ್ಪನ ಗಿರಣಿಗೆ ಬಂದು ನಿಂತವರು. ಆದರೂ ಊರಿನ ಹುಡುಗರು ಅವರನ್ನು ‘ಸರ್’ ಎಂದೇ ಕರೆಯುತ್ತಾರೆ. ಆ ಮರ್ಯಾದೆ ಅವರಿಗೆ ಬಂದದ್ದು ಒಂದು ಗಡಿಯಾರದಿಂದ.

ಅದು ಮಣಿಕಟ್ಟಿನಷ್ಟೇ ಅಗಲವಾದ ಕಪ್ಪು ಡಿಜಿಟಲ್ ಗಡಿಯಾರ. ಗಾಳಿಯಂತ್ರ ದುರಸ್ತಿಗೆ ಬರುತ್ತಿದ್ದ ಎಂಜಿನಿಯರ್ ಒಬ್ಬರ ಕೈಯಲ್ಲಿ ಅಂಥದ್ದನ್ನು ನೋಡಿದ್ದರಂತೆ. ಬಹಳ ವರ್ಷ ಮನಸ್ಸಿನಲ್ಲಿಟ್ಟುಕೊಂಡು, ಕೊನೆಗೆ ಬೆಳಗಾವಿಗೆ ಹೋಗಿ ಕೊಂಡು ತಂದರು. ಅದರಲ್ಲಿ ದಿಕ್ಕು ತೋರಿಸುವ ಮುಳ್ಳಿತ್ತು, ಬಿಸಿಲು ಎಷ್ಟು ಡಿಗ್ರಿ ಎಂಬುದಿತ್ತು, ಸಮುದ್ರದಿಂದ ನಾವೆಷ್ಟು ಎತ್ತರದಲ್ಲಿದ್ದೇವೆ ಎಂಬುದಿತ್ತು, ಐದು ಅಲಾರಂ ಇದ್ದವು, ಓಟದ ಒಂದೊಂದು ಸುತ್ತನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುವ ಸ್ಟಾಪ್‌ವಾಚ್ ಇತ್ತು. ಒಂದು ಅಲಾರಂ ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ, ಒಂದು ತಾಯಿಯ ಬಿಪಿ ಗುಳಿಗೆಗೆ, ಒಂದು ಬೆಳಗಿನ ಓಟಕ್ಕೆ. ಉಳಿದೆರಡು ಸುಮ್ಮನೆ ಇರುತ್ತಿದ್ದವು. ಹಿಟ್ಟಿನ ಧೂಳು ಗುಂಡಿಗಳ ಸಂದಿಯಲ್ಲಿ ಕೂರುತ್ತದೆಂದು ಪ್ರತಿ ರವಿವಾರ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆಯುತ್ತಿದ್ದರು.

ಜೋಳ ಬೀಸಿಸಲು ಬರುವ ಶೆಟ್ಟೆವ್ವ ಅಜ್ಜಿಗೆ ಆ ಗಡಿಯಾರವೆಂದರೆ ತಮಾಷೆ.

“ಸೋಮಪ್ಪಾ, ಇವತ್ತ ನಮ್ಮೂರ ಎಷ್ಟ ಎತ್ತರ ಐತೋ?”

“ಆರನೂರಾ ತೊಂಬತ್ತೆರಡು ಮೀಟರ್, ಅಜ್ಜಿ.”

“ನಿನ್ನೆ ಎಂಬತ್ತು ಅಂದಿದ್ದಿ. ಮಳಿಗೆ ಊರ ಉಬ್ಬೇತೇನ?”

ಮಳೆಯ ಮೋಡ ಕವಿದಾಗ ಗಾಳಿಯ ಒತ್ತಡ ಇಳಿದು ಗಡಿಯಾರ ಹೆಚ್ಚು ಎತ್ತರ ತೋರಿಸುತ್ತದೆಂದು ಕಾಕಾ ಬಿಡಿಸಿ ಹೇಳುತ್ತಿದ್ದರು. ಅಜ್ಜಿ ಕೇಳಿ ಮುಗಿಸಿ, “ಅದೆಲ್ಲಾ ಇರ್ಲಿ, ನಮ್ಮ ಸೊಸಿ ಮುಂಜಾನೆ ಎಷ್ಟಕ್ಕ ಏಳ್ತಾಳ ಅಂತ ಅದರಾಗ ಬರತೈತೇನ?” ಎನ್ನುತ್ತಿದ್ದಳು. ಕಾಕಾ ನಗುತ್ತಿದ್ದರು. ಆದರೆ ಅಜ್ಜಿ ಹೋದ ಮೇಲೆ ಮೊಬೈಲಿನಲ್ಲಿ ಊರಿನ ಸರಿಯಾದ ಎತ್ತರ ನೋಡಿ, ಗಡಿಯಾರದ ಅಂಕಿ ತಿದ್ದಿಡುತ್ತಿದ್ದರು. ಅದರಲ್ಲಿ ತಪ್ಪು ಅಂಕಿ ಇರುವುದನ್ನು ಅವರು ಸಹಿಸುತ್ತಿರಲಿಲ್ಲ.

ಪ್ರಾಯದಲ್ಲಿ ಅವರು ಮೂರು ಸಲ ಸೈನ್ಯದ ಭರ್ತಿಗೆ ಹೋಗಿ ಮೂರು ಸಲವೂ ಓಟದಲ್ಲಿ ಬಿದ್ದಿದ್ದರು. ಮೂರನೆಯ ಸಲ ಕೆಲವೇ ಸೆಕೆಂಡುಗಳಿಂದ. “ನಮ್ಮ ಕಾಲಕ್ಕ ಯಾರ ಕೈಯಾಗೂ ಇಂಥಾ ಗಡಿಯಾರ ಇರಲಿಲ್ಲ ತಮ್ಮಾ. ಗೆಳ್ಯಾರು, ‘ನೀ ಆರಾಮ ಪಾಸ್ ಆಗ್ತಿ ಬಿಡು’ ಅಂದ್ರು. ನಂಬಿದ್ನಿ. ‘ನೀ ತಡಾ ಬರಾಕತ್ತಿ’ ಅಂತ ಒಬ್ಬ ಅಂದಿದ್ರ ಇನ್ನಷ್ಟ ಜೋರ ಓಡ್ತಿದ್ನಿ,” ಎಂದು ನನಗೆ ಹಲವು ಸಲ ಹೇಳಿದ್ದಾರೆ.

ಗಡಿಯಾರ ಕೈಗೆ ಬಂದ ವರ್ಷವೇ ಅವರು ಭರ್ತಿಗೆ ಹೋಗುವ ಹುಡುಗರನ್ನು ಹೈಸ್ಕೂಲ್ ಮೈದಾನದಲ್ಲಿ ಓಡಿಸತೊಡಗಿದರು. ಟೇಪು ಹಿಡಿದು ಇನ್ನೂರು ಮೀಟರಿನ ಸುತ್ತು ಅಳೆದು ಸುಣ್ಣ ಎಳೆದೆವು. ಎಂಟು ಸುತ್ತಿಗೆ ಒಂದು ಸಾವಿರದ ಆರುನೂರು ಮೀಟರ್. ನಾನಾಗ ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ನನ್ನದು ಚಪ್ಪಟೆ ಪಾದ, ಭರ್ತಿಗೆ ನಡೆಯುವುದಿಲ್ಲ. ಹಾಗಾಗಿ ಸಮಯ ಬರೆದುಕೊಳ್ಳುವ ಕೆಲಸ ನನಗೆ ಬಂತು. ಓಡುವವರು ಮೈದಾನಕ್ಕೆ ಮೊಬೈಲ್ ತರುವಂತಿರಲಿಲ್ಲ, ಗಡಿಯಾರದ ಮುಖ ನೋಡುವಂತಿರಲಿಲ್ಲ. ಕಾಕಾ ಹೇಳಿದ್ದೇ ಸಮಯ.

ಒಂದು ದಿನ ಜ್ವರ ಬಂದು ಅವರು ಗಡಿಯಾರವನ್ನು ನನ್ನ ಕೈಗೆ ಕೊಟ್ಟರು. ನಾನು ಸಮಯ ಹಿಡಿದು, ಬರೆದ ಪುಸ್ತಕವನ್ನು ಮನೆಗೆ ಒಯ್ದು ತೋರಿಸಿದೆ. ಎಲ್ಲರೂ ಹಿಂದಿನ ದಿನಕ್ಕಿಂತ ಬಹಳ ಬೇಗ ಓಡಿದ್ದರು. ಕಂಬಳಿಯೊಳಗಿಂದಲೇ ಕಾಕಾ ಅಂದರು: “ಹುಡುಗೂರಿಗೆ ಹೇಳಿದೇನ?”

“ಇಲ್ಲ.”

“ಛಲೋ ಮಾಡಿದಿ. ಎಲ್ಲಾದಕ್ಕೂ ಇಪ್ಪತ್ತ ಕೂಡಸು. ನಾ ಯಾವಾಗ್ಲೂ ಕೂಡಸೇ ಹೇಳ್ತೇನಿ.”

“ಯಾಕ್ರಿ ಕಾಕಾ?” ಎಂದೆ.

“ನಿಮ್ಮನ್ಯಾಗ ಗಡಿಯಾರ ಎಷ್ಟ ಮುಂದ ಇಟ್ಟೀರಿ?”

“ಹತ್ತ ಮಿನಿಟು.”

“ಯಾಕ?”

“ಬಸ್ಸು ತಪ್ಪಬಾರದಂತ ಅಪ್ಪ ಇಟ್ಟಾನ.”

“ಇದೂ ಹಂಗ.”

ಅದು ಮೋಸ ಎಂದು ನನಗೆ ಆಗ ಅನ್ನಿಸಲಿಲ್ಲ. ನಮ್ಮ ಕಡೆ ಗೋಡೆಯ ಗಡಿಯಾರ ಸರಿಯಾಗಿರುವ ಮನೆ ಸಿಗುವುದೇ ಕಷ್ಟ. ಭರ್ತಿಗೆ ಹೋದ ಹುಡುಗರಿಗೆ ಅಲ್ಲಿಯೇ ನಿಜ ತಿಳಿಯುತ್ತಿತ್ತು. ಆಯ್ಕೆಯಾದವರು ಬೆಳಗಾವಿಯ ಸಿಹಿ ಕುಂದಾ ತಂದು, “ಸರ್, ಇಪ್ಪತ್ತ ಸೆಕೆಂಡ ಕೂಡಸಿ ನಮ್ಮ ಜೀವಾ ತಿಂದ್ರಲ್ಲ,” ಎಂದು ಕಾಲು ಮುಟ್ಟುತ್ತಿದ್ದರು. ಮುಂದಿನವರಿಗೆ ಬಾಯಿ ಬಿಟ್ಟು ಹೇಳದೆ ಇರುವುದು ಮೈದಾನದ ಪದ್ಧತಿಯಾಯಿತು. ಆದರೂ ಅಣ್ಣನೊಬ್ಬ ತಮ್ಮನ ಕಿವಿಯಲ್ಲಿ ಹೇಳುತ್ತಿದ್ದ, ಗೆಳೆಯ ಗೆಳೆಯನಿಗೆ ಹೇಳುತ್ತಿದ್ದ. ತೀರಾ ಎದೆಗುಂದಿದವನಿಗೆ ಎಲ್ಲಿಂದಲೋ ಸುಳಿವು ಸಿಕ್ಕೇ ಸಿಗುತ್ತಿತ್ತು. ಆರು ವರ್ಷದಲ್ಲಿ ಒಂಬತ್ತು ಹುಡುಗರು ಸೈನ್ಯ ಸೇರಿದರು.

ಏಳನೆಯ ವರ್ಷ ರಾಣಿ ಬಂದಳು. ನಮ್ಮ ಓಣಿಯ ರೈತ ರಾಯಪ್ಪನ ಮಗಳು. ಸೈನ್ಯದ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆಂದು ತಿಳಿದು, ಲಿಖಿತ ಪರೀಕ್ಷೆ ಪಾಸು ಮಾಡಿದ್ದಳು. ಎಂಟು ಸುತ್ತನ್ನು ಎಂಟು ನಿಮಿಷದೊಳಗೆ ಓಡಬೇಕಿತ್ತು. ಅವಳಿಗೆ ಅದೇ ಕೊನೆಯ ಅವಕಾಶ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು.

ಅವಳು ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಹುಡುಗರು ಓಡಿ ಮುಗಿಸಿ ಒಂದು ಕಡೆ ಕುಳಿತರೆ ಅವಳು ಇನ್ನೊಂದು ಕಡೆ ಕುಳಿತು ಬೂಟಿನೊಳಗಿನ ಮಣ್ಣು ಕೊಡವುತ್ತಿದ್ದಳು. ಮೊದಲ ವಾರ ಒಂಬತ್ತು ನಿಮಿಷ. ಎರಡು ತಿಂಗಳಲ್ಲಿ ಎಂಟು ನಿಮಿಷ ಹತ್ತು ಸೆಕೆಂಡು, ಆಮೇಲೆ ಎಂಟು ಎಂಟು, ಎಂಟು ಆರು. ಇವು ಕಾಕಾ ಹೇಳುತ್ತಿದ್ದ ಅಂಕಿಗಳು. ನಿಜದ ಅಂಕಿಗಳಲ್ಲಿ ಅವಳು ಎಂದೋ ಎಂಟರ ಒಳಗೆ ಬಂದಿದ್ದಳು.

“ಸರ್, ಎಂಟು ಒಡ್ಯಾಕ ಆಗವಲ್ದು,” ಎಂದು ಒಮ್ಮೆ ಹೇಳಿದಳು.

“ಒಡಿತೈತಿ. ಆರನೇ ಸುತ್ತಿನ್ಯಾಗ ಮೈ ಬಿಗಿ ಹಿಡಿತಿ. ಅಲ್ಲೆ ಬಿಡು.”

ಅವಳು ಹೂಂ ಎಂದಳು. ಮರುದಿನ ಆರನೆಯ ಸುತ್ತಿನಲ್ಲಿ ಮೈ ಬಿಟ್ಟು ಓಡಿದಳು. ಅಂಥ ಹುಡುಗಿ.

ಭರ್ತಿಗೆ ಹತ್ತು ದಿನ ಉಳಿದಿದ್ದಾಗ ಅವಳನ್ನು ನೋಡಲು ರಾಮದುರ್ಗದ ಕಡೆಯಿಂದ ಬೀಗರು ಬಂದರು. ನಮ್ಮವ್ವ ದೇವಕ್ಕ ಅವರಿಗೆ ಚಹಾ ಮಾಡಿಕೊಡಲು ಹೋಗಿದ್ದವಳು ಬಂದು ಹೇಳಿದಳು: “ಹುಡುಗ ಛಲೋ ಅದಾನ. ಆದ್ರ ಮಿಲಿಟ್ರಿಗೆ ಹೋಗು ಹುಡುಗಿ ಬ್ಯಾಡ ಅಂದ್ರು. ನಾಳೆ ಸಂಜಿಗೆ ಮಾತು ಕೊಡ್ರಿ, ಇಲ್ಲಂದ್ರ ಬ್ಯಾರೆ ಕಡೆ ನೋಡ್ತೇವಿ ಅಂದಾರ.”

ಮರುದಿನ ಬೆಳಿಗ್ಗೆ ರಾಯಪ್ಪ ಮೈದಾನಕ್ಕೆ ಬಂದ. ಅವನೆಂದೂ ಅಲ್ಲಿಗೆ ಬಂದವನಲ್ಲ. ಸುಣ್ಣದ ಗೆರೆಯಾಚೆ ಚಪ್ಪಲಿ ಬಿಟ್ಟು ನಿಂತ. ರಾಣಿ ಅಪ್ಪನನ್ನು ನೋಡಿದಳು, ಗೆರೆಗೆ ಹೋಗಿ ನಿಂತಳು. ಅಂದು ಅವಳು ಓಡಿದ್ದನ್ನು ನಾನು ಮರೆತಿಲ್ಲ. ಕೊನೆಯ ಸುತ್ತಿನಲ್ಲಿ ಹೊಸದಾಗಿ ಬಂದ ಇಬ್ಬರು ಹುಡುಗರನ್ನು ಹಿಂದೆ ಹಾಕಿದಳು. ಕಾಕಾ ಗುಂಡಿ ಒತ್ತಿದಾಗ ನಾನು ಪಕ್ಕದಲ್ಲಿದ್ದೆ. ಗಡಿಯಾರದಲ್ಲಿ ಏಳು ನಿಮಿಷ ನಲವತ್ಮೂರು ಸೆಕೆಂಡ್ ಇತ್ತು.

“ಎಂಟು ಮೂರು,” ಎಂದರು ಕಾಕಾ.

ರಾಣಿ ಎರಡೂ ಕೈ ಮೊಣಕಾಲಿನ ಮೇಲಿಟ್ಟು ಬಗ್ಗಿದವಳು ತಲೆ ಎತ್ತಲಿಲ್ಲ.

ರಾಯಪ್ಪ ಕೇಳಿದ: “ಅಂದ್ರ ಇನ್ನೂ ಮೂರ ಸೆಕೆಂಡ ಕಡಿಮಿ ಬಿತ್ತೇನ ಸೋಮಪ್ಪಾ?”

“ಒಂಬತ್ತ ದಿನ ಅದಾವಲ್ಲ ರಾಯಪ್ಪಣ್ಣ. ಬರತಾಳ.”

“ಬಂದೇ ಬರತಾಳಂತ ಹೇಳ್ತೀಯೇನ?”

ಓಡುವವರ ಎದುರಿಗೆ ಕಾಕಾ ಈ ಪ್ರಶ್ನೆಗೆ ಎಂದೂ ಹೌದು ಎಂದವರಲ್ಲ. ಹೌದು ಎಂದರೆ ಕಾಲು ಸಡಿಲಾಗುತ್ತವೆ ಎಂಬುದು ಅವರ ನಂಬಿಕೆ. “ಅದು ಆಕಿ ಕೈಯಾಗೈತಿ,” ಎಂದರು.

ರಾಯಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ.

ಬೀಗರು ಬಂದದ್ದು ಕಾಕಾಗೆ ಗೊತ್ತಿರಲಿಲ್ಲ. ಇಪ್ಪತ್ತು ಸೆಕೆಂಡಿನ ಮಾತು ರಾಯಪ್ಪನಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವನು ಆ ಮೈದಾನದಲ್ಲಿ ನಾನೊಬ್ಬನೇ. ಕಾಕಾನನ್ನು ಪಕ್ಕಕ್ಕೆ ಕರೆದು ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ದೊಡ್ಡವರ ನಡುವೆ ಬಾಯಿ ಹಾಕುವುದೇಕೆ ಎಂದು ಸುಮ್ಮನಾದೆ. ಕೆಲಸಕ್ಕೆ ಹೋಗುವ ಬಸ್ಸಿಗೂ ಹೊತ್ತಾಗಿತ್ತು. ಎಂಟು ಮೂರು ಎಂದು ಬರೆದು ಪುಸ್ತಕ ಮುಚ್ಚಿದೆ.

ಮರುದಿನ ರಾಣಿ ಓಟಕ್ಕೆ ಬರಲಿಲ್ಲ. “ಆರಾಮ ಇಲ್ಲೇನ ಆಕಿಗೆ?” ಎಂದು ಕಾಕಾ ಕೇಳಿದಾಗ, ಹಿಂದಿನ ಸಂಜೆ ಮಾತು ಕೊಟ್ಟು ಸಕ್ಕರೆ ಹಂಚಿದ ಸುದ್ದಿ ಹೇಳಿದೆ. ಅವರು ಹುಡುಗರನ್ನು ಅಲ್ಲಿಯೇ ಬಿಟ್ಟು ಗಡಿಯಾರ ಕಟ್ಟಿಕೊಂಡ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಡೆದರು. ನಾನೂ ಹಿಂದೆ ಹೋದೆ.

ರಾಯಪ್ಪ ಅಂಗಳದಲ್ಲಿ ಎಮ್ಮೆ ಹಿಂಡುತ್ತಿದ್ದ. ಕಾಕಾ ನಿಂತಲ್ಲಿಂದಲೇ ಎಲ್ಲವನ್ನೂ ಹೇಳಿದರು. ಗಡಿಯಾರದ ಗುಂಡಿ ಒತ್ತಿ, ಹಿಂದಿನ ದಿನದ ಓಟ ತೆಗೆದು ಮುಂದೆ ಹಿಡಿದರು. “ನೋಡಣ್ಣಾ. ಏಳು ನಲವತ್ಮೂರು. ಇದರಾಗ ಹಂಗ ಐತಿ. ಆಕಿ ಪಾಸ್ ಆಗ್ತಾಳ.”

ರಾಯಪ್ಪ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. “ನಿನ್ನೆ ಎಂಟು ಮೂರು ಅಂದಿ. ಇವತ್ತ ಏಳು ನಲವತ್ಮೂರು ಅಂತಿ. ನಾ ಯಾವ್ದು ನಂಬಲಿ?”

“ಗಡಿಯಾರ ನಂಬು.”

“ಗಡಿಯಾರಕ್ಕೇನ ಗೊತ್ತೈತೋ ಮಾರಾಯಾ. ಒತ್ತಾಂವ ನೀನ, ಹೇಳಾಂವ ನೀನ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಮಾತು ಕೊಟ್ಟೇನಿ. ನಾಕು ಮಂದಿ ಸಕ್ಕರಿ ತಿಂದಾರ. ಇನ್ನ ಹುಡುಗಿ ಮನಸ ಕೆಡಸಬ್ಯಾಡ.”

ಒಳಗಿನಿಂದ ರಾಣಿ ಬಾಗಿಲಿಗೆ ಬಂದಿದ್ದಳು.

“ಎಲ್ಲಾರಿಗೂ ಕೂಡಸ್ತಿದ್ರೇನ್ರಿ ಸರ್? ನನಗೊಬ್ಬಾಕಿಗೇನ?”

“ಎಲ್ಲಾರಿಗೂ ಅವ್ವಾ.”

“ಮತ್ತ ಆ ಹುಡುಗೂರು ಯಾಕ ಅಂಜತಿದ್ದಿಲ್ಲ?”

ನಾನು ಹೇಳಿದೆ, “ಅವರಿಗೆ ಅವರವರೊಳಗ ಗೊತ್ತಾಗಿರ್ತಿತ್ತು.”

ಅವಳು ನನ್ನನ್ನು ನೋಡಿದಳು. “ನಿನಗೂ ಗೊತ್ತಿತ್ತು.” ಅದು ಪ್ರಶ್ನೆಯಾಗಿರಲಿಲ್ಲ. ರಾಯಪ್ಪ ತಂಬಿಗೆ ಎತ್ತಿಕೊಂಡು ಒಳಗೆ ಹೋದ. ಅವಳೂ ಹೋದಳು.

ಭರ್ತಿಯ ದಿನ ಕಾಕಾ ಗಿರಣಿಗೆ ಬೀಗ ಹಾಕಿ ಬೆಳಗಾವಿಗೆ ಹೋಗಿದ್ದರೆಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ತಂತಿ ಬೇಲಿಯ ಹೊರಗೆ, ಬೇರೆ ಊರುಗಳ ತಂದೆತಾಯಿಗಳ ನಡುವೆ ನಿಂತು ಹೆಣ್ಣುಮಕ್ಕಳ ಮೊದಲ ಗುಂಪಿನ ಓಟ ನೋಡಿದ್ದರು. ಪಾಸು ಮಾಡಿ ಒಳಗೆ ತೆಗೆದುಕೊಂಡ ಕೊನೆಯ ಹುಡುಗಿಯ ಸಮಯವನ್ನು ಹಿಡಿದಿದ್ದರು. ಎರಡನೆಯ ಗುಂಪು ನೋಡಲು ನಿಲ್ಲಲಿಲ್ಲ.

ಆಮೇಲೆ ಅವರು ಗಡಿಯಾರದಲ್ಲಿ ಇದ್ದದ್ದನ್ನೇ ಹೇಳತೊಡಗಿದರು. “ಸರ್, ಒಂದ ಹತ್ತರೇ ಕೂಡಸ್ರಿ, ಮೈಗಳ್ಳ ಆಗೇವಿ,” ಎಂದು ಹುಡುಗರೇ ಕೇಳಿದರೂ ಕೂಡಿಸಲಿಲ್ಲ. ಒಂದು ವರ್ಷ ಯಾರೂ ಆಯ್ಕೆಯಾಗಲಿಲ್ಲ. ಇನ್ನೊಂದು ವರ್ಷ ಇಬ್ಬರಾದರು. ತಾವು ಮಾಡಿದ್ದು ಸರಿಯೋ ತಪ್ಪೋ ಎಂದು ಅದರಿಂದ ತೀರ್ಮಾನಿಸಲು ಅವರು ಹೋಗಲಿಲ್ಲ. ನಾನು ಮಾತ್ರ ಹಲವು ಸಲ ಲೆಕ್ಕ ಹಾಕಿದ್ದೇನೆ. ಒಂಬತ್ತು ಹುಡುಗರ ನೌಕರಿ ಒಂದು ಕಡೆಗಿಟ್ಟರೂ ಆ ಬೆಳಗಿನ ನನ್ನ ಮೌನ ಹಗುರಾಗುವುದಿಲ್ಲ.

ರಾಣಿ ರಾಮದುರ್ಗದಲ್ಲಿ ಚೆನ್ನಾಗಿಯೇ ಇದ್ದಾಳೆ. ಗಂಡ ಒಳ್ಳೆಯವನು, ಪಂಪ್‌ಸೆಟ್ ದುರಸ್ತಿಯ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಪಂಚಮಿಗೆ ತವರಿಗೆ ಬಂದವಳು ಮಗಳ ಕೈ ಹಿಡಿದು, ಜೋಳದ ಡಬ್ಬಿ ಹೊತ್ತು ಗಿರಣಿಗೆ ಬಂದಳು. ನಾನು ಅಲ್ಲಿಯೇ ಕುಳಿತಿದ್ದೆ. ಕರೆಂಟ್ ಬಂದಿರಲಿಲ್ಲ.

“ಈಗೂ ಓಡಸ್ತೀರೇನ್ರಿ ಸರ್?”

“ಓಡಸ್ತೇನವ್ವಾ.”

“ಎಷ್ಟ ಕೂಡಸ್ತೀರಿ?”

“ಏನೂ ಇಲ್ಲ.”

ಅವಳು ಕಟ್ಟೆಯ ಮೇಲೆ ಕುಳಿತು ಮಗಳ ಲಂಗದ ಧೂಳು ಝಾಡಿಸಿದಳು. “ಬೆಳಗಾವಿಗೆ ಹೋಗಿದ್ರಂತಲ್ಲ. ಅವತ್ತ ಪಾಸ್ ಆದವರೊಳಗ ಕಡೀಗೆ ಬಂದಾಕಿ ಎಷ್ಟರಾಗ ಬಂದಳ್ರಿ?” ಎಂದಳು.

ಕಾಕಾ ನನ್ನ ಕಡೆ ನೋಡಿದರು. ಗೊತ್ತಿಲ್ಲ ಎನ್ನಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು.

“ಏಳು ಐವತ್ತಾರು,” ಎಂದರು.

ಅವಳು ತನ್ನ ನಲವತ್ಮೂರರಿಂದ ಮುಂದಕ್ಕೆ ಹೆಬ್ಬೆರಳಿನಿಂದ ಬೆರಳುಗೆಣ್ಣು ಎಣಿಸಿದಳು. ಹದಿಮೂರಕ್ಕೆ ನಿಲ್ಲಿಸಿದಳು. ಹಾಗೆಯೇ ಬೆರಳು ಮಡಚಿ ಇಟ್ಟುಕೊಂಡು ರಸ್ತೆಯ ಕಡೆ ನೋಡುತ್ತ ಕುಳಿತಳು. ಅಷ್ಟರಲ್ಲಿ ಕರೆಂಟ್ ಬಂತು. ಕಾಕಾ ಎದ್ದು ಮೋಟರಿನ ಗುಂಡಿಗೆ ಕೈ ಹಾಕಿದಾಗ ಅವಳು ಡಬ್ಬಿ ಮುಂದೆ ಸರಿಸಿದಳು.

“ಸಣ್ಣಗ ಬೀಸ್ರಿ ಸರ್. ಹೋದ ಸಲದ ಹಿಟ್ಟಿಗೆ ರೊಟ್ಟಿ ಹರದು ಹೋದುವು.”