ಭಾವನ ಧ್ವನಿಯ ಗುತ್ತಿಗೆ

ಬಸುರಿಯ ಹೊಟ್ಟೆಯ ಮುಂದೆ ಕುಳಿತು ಮಿಮಿಕ್ರಿ ಮಾಡಿದವರು ಈ ದೇಶದಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ, ನಾನಂತೂ ಮಾಡಿದ್ದೇನೆ. ಹೊಟ್ಟೆ ನನ್ನ ಅಕ್ಕನದು, ಧ್ವನಿ ಭಾವನದು. ಚಪ್ಪಾಳೆ ಒಳಗಿನಿಂದ ಒದೆತದ ರೂಪದಲ್ಲಿ ಬರುತ್ತಿತ್ತು.

ಅಕ್ಕ ಹೆರಿಗೆಗೆಂದು ತವರಿಗೆ ಬಂದಿದ್ದಳು. ತವರು ಎಂದ ಕೂಡಲೇ ಯಾರೂ ತೊಟ್ಟಿಮನೆ ಕಲ್ಪಿಸಿಕೊಳ್ಳಬಾರದು. ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸು, ಮೇಲಿನ ಮಹಡಿ, ಸುಣ್ಣ ಬಣ್ಣಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ಗೋಡೆಗಳು. ಅಪ್ಪ ಒಂದು ಸಚಿವಾಲಯದಲ್ಲಿ ಅಧಿಕಾರಿ. ಭಾವ ಕೊಡಗಿನವರು, ಸೈನ್ಯದಲ್ಲಿದ್ದಾರೆ. ಆಗ ಅವರ ಪೋಸ್ಟಿಂಗ್ ಇದ್ದದ್ದು ಹಿಮದ ನಡುವಿನ ಗಡಿಯಲ್ಲಿ. ಅಲ್ಲಿ ಫೋನಿಗೆ ಮನಸ್ಸು ಬಂದರೆ ಸಿಗ್ನಲ್, ಇಲ್ಲದಿದ್ದರೆ ಮೌನ.

ತೊಂದರೆ ಶುರುವಾದದ್ದು ಸರೋಜಿನಿ ನಗರದ ಹತ್ತಿರದ ಒಂದು ತರಗತಿಯಿಂದ. ಹುಟ್ಟದ ಮಕ್ಕಳಿಗೆ ಪಾಠ ಹೇಳುವ ತರಗತಿ ಅದು. ದೆಹಲಿಯಲ್ಲಿ ಎಲ್ಲದಕ್ಕೂ ಕೋಚಿಂಗ್ ಇರುವಾಗ ಇದಕ್ಕೆ ಮಾತ್ರ ಯಾಕಿರಬಾರದು? ಅಲ್ಲಿನ ಮೇಡಂ ಕಣ್ಣು ಮುಚ್ಚಿಕೊಂಡು, 'ಬೇಬಿ ಸಬ್ ಸುನ್ ರಹಾ ಹೈ', ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದೆ ಎನ್ನುತ್ತಿದ್ದರು, ಗುಪ್ತಚರ ಇಲಾಖೆಯವರ ಗತ್ತಿನಲ್ಲಿ. ದಿನಾ ಅಪ್ಪನಾದವನು ಹೊಟ್ಟೆಯ ಹತ್ತಿರ ಕುಳಿತು ಮಾತಾಡಬೇಕು, ಇಲ್ಲದಿದ್ದರೆ ಮಗುವಿಗೆ ಅಪ್ಪನ ಗುರುತು ಸಿಗುವುದಿಲ್ಲ ಎಂಬುದು ಅವರ ಹೋಂವರ್ಕ್. ಬೇರೆ ಹೆಂಗಸರ ಗಂಡಂದಿರು ಗುರುಗ್ರಾಮದ ಆಫೀಸುಗಳಿಂದ ಕ್ಯಾಬ್ ಹಿಡಿದು ಬಂದು, ಟೈ ಸಡಿಲಿಸಿ, ಹೊಟ್ಟೆಗಳ ಮುಂದೆ ಮಂಡಿಯೂರುತ್ತಿದ್ದರು. ಅಕ್ಕನ ಪಕ್ಕ ನಾನು ಅವಳ ನೀರಿನ ಬಾಟಲಿ ಹಿಡಿದು ಕೂತಿರುತ್ತಿದ್ದೆ.

ಒಂದು ದಿನ ಆಟೋದಲ್ಲಿ ವಾಪಸು ಬರುವಾಗ ಅಕ್ಕ ಅತ್ತಳು.

"ಅವರು ರಜೆ ಮೇಲೆ ಬಂದಾಗ ಮಗು ಯಾರೋ ಅಂಕಲ್ ಅಂತ ಕಿರುಚಿಕೊಂಡ್ರೆ? ಅವರಿಗೆ ಹೇಗಾಗಬಹುದು ಹೇಳು."

"ಭಾವನ ಮೀಸೆ ನೋಡಿದ್ರೆ ಯಾರು ಬೇಕಾದ್ರೂ ಕಿರುಚ್ತಾರೆ ಕಣೇ," ಎಂದೆ. ಅಕ್ಕ ನಗಲಿಲ್ಲ. ನನ್ನ ಜೋಕಿಗೆ ಅಕ್ಕ ನಗದಿದ್ದರೆ ಪರಿಸ್ಥಿತಿ ಗಂಭೀರ ಎಂದೇ ಅರ್ಥ.

ಭಾವ ಕಳಿಸಿದ್ದ ಒಂದೆರಡು ವಾಯ್ಸ್ ಮೆಸೇಜುಗಳನ್ನು ಹೊಟ್ಟೆಗೆ ಕೇಳಿಸಿ ನೋಡಿದೆವು. "ಕಬ್ಬಿಣದ ಮಾತ್ರೆ ತಗೊಂಡ್ಯಾ? ರಿಪೋರ್ಟ್ ಕಳಿಸು" ಎಂಬ ಆಜ್ಞೆಯ ಹಿಂದೆ ಬರೀ ಗಾಳಿಯ ಬೊಬ್ಬೆ. ಅದೂ ಸಾಲದೆಂಬಂತೆ ಮೇಡಂ, 'ರೆಕಾರ್ಡಿಂಗ್ ನಹೀಂ ಚಲೇಗಾ, ಲೈವ್ ಚಾಹಿಯೇ' ಎಂದು ರೆಕಾರ್ಡಿಂಗನ್ನೇ ತಳ್ಳಿಹಾಕಿಬಿಟ್ಟರು. ಆಗ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ತೀರ್ಪು ಕೊಟ್ಟಳು.

"ಮದುವೆ ಮನೇಲಿ ಅಳಿಯಂದಿರ ಎದುರೇ ಅವರ ಹಾಗೆ ಮಾತಾಡಿ ನಮ್ಮ ಮಾನ ಕಳೆದ್ಯಲ್ಲ, ಈಗ ಉಪಯೋಗಕ್ಕೆ ಬಾ."

ಇಲ್ಲಿ ನನ್ನ ಹೊಟ್ಟೆಪಾಡಿನ ಬಗ್ಗೆ ಹೇಳಬೇಕು. ಓಖ್ಲಾದಲ್ಲಿ, ರೆಡಿಮೇಡ್ ಬಟ್ಟೆ ಹೊಲಿಯುವ ಕಾರ್ಖಾನೆಯ ಮೇಲ್ಮಹಡಿಯ ಸ್ಟುಡಿಯೋದಲ್ಲಿ, ಶಾಲೆಗಳ ವಿಜ್ಞಾನದ ವಿಡಿಯೋಗಳಿಗೆ ಕನ್ನಡದಲ್ಲಿ ದನಿ ಕೊಡುವುದು ನನ್ನ ಕೆಲಸ. ಕಪ್ಪೆಯ ಜಠರ, ಜ್ವಾಲಾಮುಖಿ, ನ್ಯೂಟನ್ನನ ಮೂರೂ ನಿಯಮಗಳು, ಎಲ್ಲವೂ ನಾನೇ. ಆ ತಿಂಗಳು ಕಾಕತಾಳೀಯವಾಗಿ ನರಕೋಶವಾಗಿದ್ದೆ. ಹಾಗಾಗಿ ಮನೆಯಲ್ಲಿ ಮಿದುಳಿನ ಬಗ್ಗೆ ಅಧಿಕೃತವಾಗಿ ಮಾತಾಡಬಲ್ಲವನು ನಾನೊಬ್ಬನೇ ಎಂದು ಘೋಷಿಸಿಕೊಂಡೆ.

"ಒಂದು ನರಕೋಶ ಇನ್ನೊಂದನ್ನ ಮುಟ್ಟೋದೇ ಇಲ್ಲ," ಎಂದು ಊಟದ ಮೇಜಿನ ಮೇಲೆ ಎರಡು ಚಪಾತಿ ಇಟ್ಟು ಶುರುಮಾಡಿದೆ. "ಮಧ್ಯೆ ಸಣ್ಣ ಸಂದು. ಈ ತುದಿವರೆಗೂ ವಿದ್ಯುತ್ತಿನ ಹಾಗೆ ಓಡಿಬಂದ ಸುದ್ದಿ ಇಲ್ಲಿ ಇಳೀಬೇಕು. ಇಳಿದು ರಾಸಾಯನಿಕದ ರೂಪದಲ್ಲಿ ಸಂದು ದಾಟಿ ಆಕಡೆ ಬಾಗಿಲು ತಟ್ಟಬೇಕು. ಒಬ್ಬರು ತಟ್ಟಿದ್ರೆ ಸಾಲದು. ಸರೋಜಿನಿ ಮಾರ್ಕೆಟ್ಟಲ್ಲಿ ಒಬ್ಬ ಅಂಗಡಿ ಭಯ್ಯಾ ಕೂಗಿದ್ರೆ ಅಕ್ಕ ತಿರುಗ್ತಾಳಾ? ಇಲ್ಲ. ಹತ್ತು ಜನ ಒಟ್ಟಿಗೆ ಕೂಗಿದಾಗ ಕೈ ಪರ್ಸಿಗೆ ಹೋಗುತ್ತೆ. ಅಷ್ಟರಲ್ಲಿ ಅಮ್ಮ 'ಬೇಡ' ಅಂದ್ರೆ ವಾಪಸು ಬರುತ್ತೆ. ಬೇಡ ಅನ್ನೋ ಕೋಶಗಳೂ ಇವೆ. ಎರಡನ್ನೂ ಕೂಡಿ ಕಳೆದು ನರಕೋಶ ತೀರ್ಮಾನ ಮಾಡುತ್ತೆ."

"ನಾನು ಬೇಡ ಅನ್ನದಿದ್ರೆ ಈ ಮನೆ ಗೋದಾಮು ಆಗಿರ್ತಿತ್ತು," ಎಂದಳು ಅಮ್ಮ.

ಅಪ್ಪನಿಗೆ ಹಿಡಿಸಿದ್ದು ಬೇರೆಯೇ ಸಂಗತಿ. ಭ್ರೂಣದ ಮಿದುಳಿನಲ್ಲಿ ಕೋಶಗಳು ಹುಟ್ಟಿದ ಜಾಗದಲ್ಲೇ ಉಳಿಯುವುದಿಲ್ಲ. ಒಳಗಿನ ಪದರದಲ್ಲಿ ಹುಟ್ಟಿ, ಹಗ್ಗದಂಥ ಎಳೆಗಳನ್ನು ಹಿಡಿದು ಹೊರಗೆ ಹತ್ತುತ್ತವೆ. ಮಿದುಳಿನ ಹೊರಪದರದಲ್ಲಿ ತಡವಾಗಿ ಹುಟ್ಟಿದವು ಮೊದಲು ಬಂದವುಗಳನ್ನು ದಾಟಿಕೊಂಡು ಹೋಗಿ ಮೇಲಿನ ಅಂತಸ್ತು ಹಿಡಿಯುತ್ತವೆ.

"ಅಚ್ಛಾ! ಇದು ನಮ್ಮ ಆಫೀಸಿನ ಬಡ್ತಿ," ಎಂದರು ಅಪ್ಪ, ತೀರಾ ನೊಂದ ದನಿಯಲ್ಲಿ. ಆದರೂ ಮೊಮ್ಮಗು ಕೆಳಗಿನ ಅಂತಸ್ತಿನಲ್ಲಿ ಉಳಿಯಬಾರದೆಂದು ಅವರು ಮರುದಿನದಿಂದಲೇ ಬೆಳಿಗ್ಗೆ ಹೊಟ್ಟೆಗೆ ಪತ್ರಿಕೆಯ ಸಂಪಾದಕೀಯ ಓದತೊಡಗಿದರು. ಐಎಎಸ್ ತಯಾರಿ.

ಮಗುವಿಗೆ ಆರನೇ ತಿಂಗಳ ಹೊತ್ತಿಗೆ ಕೇಳಿಸಲು ಶುರುವಾಗುತ್ತದೆ, ನಿಜ. ಆದರೆ ಅದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೇಳುವುದು ಅಮ್ಮನದೇ ಧ್ವನಿ, ಅವಳದೇ ಎದೆಬಡಿತ. ಹೊರಗಿನವರದು ಪಕ್ಕದ ಮನೆಯ ಟಿವಿಯಂತೆ ಮಂಕಾಗಿ, ಏರಿಳಿತ ಮಾತ್ರ. ಇದನ್ನೂ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಡಿಗೆ ಅಪ್ಪನ ಕೆಲಸ ನನ್ನ ತಲೆಗೇ ಬಂತು.

ದಿನಾ ಸಂಜೆ ಓಖ್ಲಾದಿಂದ ಬಂದು ಕೈಕಾಲು ತೊಳೆದು, ಎದೆ ಉಬ್ಬಿಸಿ, ಗಂಟಲು ಒರಟು ಮಾಡಿಕೊಂಡು ಕೂರುತ್ತಿದ್ದೆ. "ಹಲೋ! ಕೇಳಿಸ್ತಿದೆಯಾ? ಹಲೋ! ಊಟ ಆಯ್ತಾ? ಶಿಸ್ತಾಗಿ ಇರಬೇಕು, ತಿಳೀತಾ?" ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಒಳಗಿರುವುದು ಆ ಕುಲುಕಾಟಕ್ಕೆ ಒದೆಯುತ್ತಿತ್ತು. ಅಮ್ಮ, "ನೋಡು, ಗುರುತು ಹಿಡೀತು!" ಎನ್ನುತ್ತಿದ್ದಳು.

ನಗು ಇಳಿದ ಮೇಲೆ ಒಮ್ಮೆ ಅಕ್ಕ ಹೇಳಿದಳು, "ಇದು ನಿಮ್ಮ ಹತ್ರ ಅವರು ಮಾತಾಡೋ ರೀತಿ ಕಣೋ. ನನ್ನ ಜೊತೆ ಎದುರಿಗಿದ್ದಾಗ ಹೀಗಲ್ಲ."

"ಮತ್ತೆ ಹೇಗೆ? ಒಂಚೂರು ಮಾಡಿ ತೋರ್ಸು."

"ಥೂ, ಹೋಗೋ," ಎಂದು ಸೆರಗಿನ ನೂಲು ಕೀಳುತ್ತಾ ಕುಳಿತಳು. ಮಾಡಲಿಲ್ಲ.

ಹೆಣ್ಣುಮಗು ಹುಟ್ಟಿತು. ಭಾವನಿಗೆ ರಜೆ ಸಿಕ್ಕಿ ಅವರು ಬರುವ ಹೊತ್ತಿಗೆ ಅದಕ್ಕೆ ನನ್ನ 'ಹಲೋ' ಕೇಳಿದರೆ ಅಳು ನಿಲ್ಲಿಸುವ ಅಭ್ಯಾಸವಾಗಿತ್ತು. ಹಠಾತ್ ಗದರಿದರೆ ಯಾವ ಮಗುವೂ ಬೆಚ್ಚಿ ಸುಮ್ಮನಾಗುತ್ತದೆ ಎಂದು ಡಾಕ್ಟರ್ ಹೇಳಿದ್ದರು. ನಾನು ಅದನ್ನು ನನ್ನ ಪ್ರತಿಭೆಯ ಲೆಕ್ಕಕ್ಕೆ ಹಾಕಿಕೊಂಡೆ.

ಭಾವ ಬೂಟು ಬಿಚ್ಚಿ, ಕೈ ತೊಳೆದು, ಮಗುವನ್ನು ಎತ್ತಿಕೊಂಡರು. ಮದ್ದುಗುಂಡನ್ನೂ ಯಾರೂ ಅಷ್ಟು ಎಚ್ಚರದಿಂದ ಎತ್ತುವುದಿಲ್ಲ. ಆಮೇಲೆ ಏನೋ ಅಂದರು, ಬಾಗಿಲಲ್ಲಿದ್ದ ನನಗೂ ಕೇಳದಷ್ಟು ಮೆಲ್ಲಗೆ. ಮಗು ಮುಖ ಕೆಂಪಗೆ ಮಾಡಿ ಕಿರುಚಿಕೊಂಡಿತು. ಮತ್ತೆ ಅಂದರು. ಮತ್ತೂ ಕಿರುಚಿತು. ಅಕ್ಕನ ಮುಖ ನೋಡಲಾಗಲಿಲ್ಲ.

"ಲೋ, ನೀನು ಒಂದ್ಸಲ ಹೇಳೋ," ಎಂದಳು ಅಮ್ಮ ಗಾಬರಿಯಲ್ಲಿ.

ನಾನು ಬಾಗಿಲಿನಿಂದಲೇ, "ಹಲೋ! ಕೇಳಿಸ್ತಿದೆಯಾ?" ಎಂದೆ. ಮಗು ಗಪ್‌ಚುಪ್.

ಭಾವ ತಿರುಗಿದರು. ಮೀಸೆಯ ಕೆಳಗೆ ಏನು ನಡೆಯುತ್ತಿದೆಯೆಂದು ತಿಳಿಯಲಿಲ್ಲ. ಅಕ್ಕ ತಡವರಿಸುತ್ತಾ ಎಲ್ಲವನ್ನೂ ಹೇಳಿದಳು.

"ನಾನು ಹೀಗಾ ಮಾತಾಡೋದು?" ಎಂದು ಕೇಳಿದರು.

"ಫೋನಲ್ಲಿ ಹೀಗೇ, ಭಾವ. ಸಿಗ್ನಲ್ ಇರಲ್ವಲ್ಲ," ಎಂದೆ.

"ಇವಳಿಗೆ ಇದೇ ಅಪ್ಪನಾ?"

ನಾನೇ ನನ್ನ ಚಪಾತಿ ವಿಜ್ಞಾನವನ್ನು ಮುಂದುವರಿಸಿದೆ. ಓಡಾಟವಿರುವ ದಾರಿ ಗಟ್ಟಿಯಾಗುತ್ತದೆ, ಓಡಾಟವಿಲ್ಲದ್ದನ್ನು ಮಿದುಳೇ ಕತ್ತರಿಸಿ ಹಾಕುತ್ತದೆ. ಆದ್ದರಿಂದ ನಾನು ಬಾಯಿ ಮುಚ್ಚಬೇಕು, ನೀವು ತೆರೆಯಬೇಕು ಎಂದೆ. ಅಪ್ಪ ಕೂಡಲೇ ಮಂಜೂರು ಮಾಡಿದರು. ನಾನು ಬಾಯಿ ಮುಚ್ಚುವ ಪ್ರಸ್ತಾವ ಆ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಬಾಕಿಯಿತ್ತು.

ರಜೆಯುದ್ದಕ್ಕೂ ಭಾವ ಮಗುವಿನ ಜೊತೆ ಮಾತಾಡಿದರು. ಹಿಮ ಕರಗಿಸಿ ಚಹಾ ಮಾಡುವುದು ಹೇಗೆ, ಸಾಕ್ಸು ಒಣಗಿಸುವುದು ಎಷ್ಟು ಕಷ್ಟ, ಇಂಥವೇ. ಆ ದನಿ ನನ್ನ ಸಂಗ್ರಹದಲ್ಲಿರಲಿಲ್ಲ. ಮಾತಿನ ಕೊನೆಯಲ್ಲಿ ಅನುಮತಿ ಕೇಳುವವರಂತೆ ಸ್ವಲ್ಪ ತಡೆಯುತ್ತಿದ್ದರು. ಮೊದಮೊದಲು ಮಗು ಅತ್ತಿತು. ಆಮೇಲೆ ಹಾಲು ಕುಡಿಯುವುದನ್ನು ಬಿಟ್ಟು ಆ ಕಡೆ ಕಣ್ಣು ಹೊರಳಿಸತೊಡಗಿತು. ಅಕ್ಕ ಅದನ್ನು ಎಲ್ಲರಿಗೂ ಕರೆದು ಕರೆದು ತೋರಿಸಿದಳು.

ಹೊರಡುವ ಬೆಳಿಗ್ಗೆ ಭಾವ ನನ್ನನ್ನು ಬಾಲ್ಕನಿಗೆ ಕರೆದರು. ಹೊಡೆಯುತ್ತಾರೇನೋ ಅಂದುಕೊಂಡೆ.

"ಕೇಳಿಸಿಕೊಂಡಿದೀಯಲ್ಲ, ನಾನು ಮಗು ಹತ್ರ ಹೇಗೆ ಮಾತಾಡ್ತೀನಿ ಅಂತ? ಮಾಡು ನೋಡೋಣ."

ಮಾಡಿದೆ.

"ಇನ್ನೂ ಮೆಲ್ಲಗೆ," ಎಂದರು. ಮಾಡಿದೆ. "ಕೊನೇಲಿ ಅಷ್ಟು ನಾಟಕ ಬೇಡ." ಮತ್ತೆ ಮಾಡಿದೆ. ಅವರು ರಸ್ತೆಯ ಕಡೆ ನೋಡುತ್ತಾ ತಲೆಯಾಡಿಸಿದರು. "ನಾನು ಬರೋವರೆಗೂ ಇದನ್ನ ಬಿಡಬೇಡ. ಆ ಹಲೋ ಮಾತ್ರ ಬೇಡ."

ಮರುದಿನ ಸಂಜೆ ಮಗು ಅಳುತ್ತಿತ್ತು. ಎತ್ತಿಕೊಂಡು, ಸಾಕ್ಸು ಒಣಗಿಸುವ ಕಷ್ಟವನ್ನು ಮೆಲ್ಲಗೆ ಹೇಳಲು ಶುರುಮಾಡಿದೆ. ಅಕ್ಕ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿಬಂದಳು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು.

"ಓ, ನೀನಾ?"

"ನಿಲ್ಲಿಸ್ಲಾ?"

"ಬೇಡ," ಎಂದು ಅಲ್ಲೇ ನೆಲದ ಮೇಲೆ ಕುಳಿತಳು. "ಹೇಳು, ಸಾಕ್ಸು ಆಮೇಲೆ ಒಣಗ್ತಾ?"

ಅವಳು ನಗಲಿಲ್ಲ. ಮಗು ಅಳು ನಿಲ್ಲಿಸಿ ಕಣ್ಣು ಹೊರಳಿಸಿತು. ನಾನು ಮುಂದುವರಿಸಿದೆ.