ಹಳದಿ ಗೋಡೆಯ ಮುಂದೆ ಕಪ್ಪು ಮನುಷ್ಯ

ಪಾಸ್‌ಪೋರ್ಟ್ ಫೋಟೋ ಎಂದರೆ ಬಿಳಿ ಹಿನ್ನೆಲೆ ಇರಬೇಕು, ಎರಡೂ ಕಿವಿ ಕಾಣಬೇಕು, ಮುಖದ ಮೇಲೆ ನೆರಳಿನ ಸುಳಿವೂ ಇರಬಾರದು. ಬೀದಿಯವರೆಲ್ಲ ಫೋಟೋ ಅಕ್ಕ ಎಂದು ಕರೆಯುವ ಈ ಹೆಂಗಸು ಇಪ್ಪತ್ತೆರಡು ವರ್ಷ ಅಂಥವನ್ನೇ ತೆಗೆದು ಕೈ ಸವೆಸಿದವಳು. ಸಾವಿರಾರು ಮುಖಗಳು ಅರ್ಜಿಗೆ ಅಂಟಿಕೊಂಡು ಹೋದವು. ಅವಳ ಒಂದೇ ಒಂದು ಫೋಟೋವನ್ನೂ ಯಾರೂ ಗೋಡೆಗೆ ಹಾಕಲಿಲ್ಲ. ಆ ಸಂಕಟ ಅವಳಿಗೆ ಇದ್ದೇ ಇತ್ತು.

ಅದಕ್ಕೇ ಗಿರಾಕಿಯಿಲ್ಲದ ಹೊತ್ತಿನಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಬೀದಿಗಿಳಿಯುವಳು. ನೀಲಿ ಶಟರಿನ ಮುಂದೆ ಕೆಂಪು ಬಕೆಟ್ಟು, ಕರಿ ರಸ್ತೆಯ ಬಿಳಿ ಪಟ್ಟೆ ದಾಟುವ ಹಸಿರು ಸೀರೆ, ಯಾವುದೂ ಅವಳ ಕಣ್ಣು ತಪ್ಪಿಸಿಕೊಂಡು ಹೋಗುವಂತಿಲ್ಲ. "ನನ್ನ ಕಣ್ಣು ಕಣ್ಣೇ ಬಿಡಿ" ಎಂದು ತಾನೇ ಹೇಳಿಕೊಳ್ಳುವಳು, ಯಾವ ಸಂಕೋಚವೂ ಇಲ್ಲದೆ.

ಗ್ರಂಥಾಲಯದವರು ಓದುವ ಕೋಣೆಯ ಗೋಡೆಗೆ ಊರಿನ ಒಂದು ಫೋಟೋ ಬೇಕು, ಶನಿವಾರ ಐದೂವರೆಯೊಳಗೆ ಕೊಡಿ ಎಂದರು. ಅಕ್ಕ ಯೋಚಿಸಲೂ ಇಲ್ಲ. ಬಸ್ ಡಿಪೋ ಹಿಂದಿನ ಓಣಿಯಲ್ಲಿ, ಹಳದಿ ಗೋಡೆಯ ಮುಂದೆ ಏಣಿ ಹೊತ್ತು ಹೊರಟ ಪೇಂಟರನ ಕರಿ ಆಕೃತಿ ಅವಳ ಬಳಿ ಸಿದ್ಧವಿತ್ತು.

ಶನಿವಾರ ಮೂರೂವರೆಗೆ ತನ್ನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಲು ಕೂತಳು. ಬಾಯಿ ಗಲ್ಲಾದಲ್ಲಿ ಕೂತ ಗಂಡನ ಜೊತೆ ಮಾತಿನಲ್ಲಿತ್ತು, ಕೈ ತನ್ನ ಪಾಡಿಗೆ ಕಂಪ್ಯೂಟರಿನಲ್ಲಿ ಓಡಾಡುತ್ತಿತ್ತು. ಮುಗಿಸಿ ನೋಡಿದರೆ ಫೋಟೋವೇ ಬೇರೆಯಾಗಿತ್ತು. ಇಪ್ಪತ್ತೆರಡು ವರ್ಷದ ಚಾಳಿ ನೋಡಿ! ನೆರಳನ್ನೆಲ್ಲ ಅಳಿಸಿ, ಪೇಂಟರನ ಮುಖ ಬೆಳಗಿಸಿ, ಹಳೆಯದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದಳು. ಕ್ಯಾಮೆರಾದಲ್ಲಿದ್ದ ಮೂಲವನ್ನು ಹೋದ ವಾರವೇ ಅಳಿಸಿಯಾಗಿತ್ತು.

"ಈಗ ನೋಡು, ಮುಖ ಎಷ್ಟು ಲಕ್ಷಣವಾಗಿದೆ," ಎಂದ ಗಂಡ.

"ಸುಮ್ನಿರ್ರೀ, ಹೊಟ್ಟೆ ಉರಿಸ್ಬೇಡಿ," ಎಂದು ಕ್ಯಾಮೆರಾ ಎತ್ತಿಕೊಂಡು ಓಡಿದಳು.

ಆ ಗೋಡೆಗೆ ಬಿಸಿಲು ಬೀಳುವುದು ನಾಲ್ಕೂಕಾಲಿಗೆ, ಹತ್ತೇ ನಿಮಿಷ. ಈಚೆ ಕಟ್ಟಡದ ನೆರಳಿನಲ್ಲಿ ನಡೆಯುವವರು ಆಗ ಇದ್ದಿಲಿನಷ್ಟು ಕಪ್ಪಗೆ ಕಾಣುತ್ತಾರೆ. ಅಕ್ಕ ಗೋಡೆಯ ಬೆಳಕಿಗೆ ಕ್ಯಾಮೆರಾ ಹೊಂದಿಸಿ ನಿಂತಳು. ಗೋಡೆ ಧಗಧಗ ಹೊಳೆಯಿತು. ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಏಳು ನಿಮಿಷ ಹೋಯಿತು. ಅಳುವೇ ಬಂತು, ಆದರೂ ಕ್ಯಾಮೆರಾ ಇಳಿಸಲಿಲ್ಲ. ಯಾರಾದರೂ ಬಂದೇ ಬರುತ್ತಾರೆ, ನಾನಂತೂ ಬಿಡುವವಳಲ್ಲ ಅಂದುಕೊಂಡಳು.

ಬಂದರು ನೋಡಿ ಯಜಮಾನರು! ಹೊಟ್ಟೆ ಮುಂದೆ, ತಲೆ ಹಿಂದೆ, ಒಂದು ಕೈ ಮೇಲೆತ್ತಿ, "ಏನೇ, ಅಂಗಡೀಲಿ ಗಿರಾಕಿ ಕಾಯ್ತಿದ್ದಾರೆ!" ಎಂದು ಕೂಗುತ್ತ. ಅವಳು ಕ್ಲಿಕ್ಕಿಸಿದಳು.

ಐದೂಕಾಲಿಗೆ ಪ್ರಿಂಟ್ ಗ್ರಂಥಾಲಯ ಸೇರಿತು. ಈ ಸಲ ಒಂದು ನೆರಳನ್ನೂ ಮುಟ್ಟಿರಲಿಲ್ಲ.

ಸೋಮವಾರ ಇಬ್ಬರೂ ಹೋಗಿ ನೋಡಿದರೆ ಫೋಟೋ ಗೋಡೆಯ ಮೇಲಿತ್ತು, ಮುಂದೆ ಜನ ನಿಂತಿದ್ದರು. ಅಕ್ಕನಿಗೆ ಹಿಗ್ಗು ತಡೆಯಲಾಗಲಿಲ್ಲ. ಪೇಪರ್ ಓದಲು ಬಂದ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡು, "ಅಯ್ಯೋ, ಸ್ಟುಡಿಯೋದವರಲ್ವಾ ಇದು! ಹೆಂಡ್ತೀನ ಬೈಯೋಕೆ ಹೊರಟಿದ್ದಾರೆ," ಎಂದು ನಕ್ಕರು.

ಗಂಡ ಮೆಲ್ಲಗೆ ಹೆಂಡತಿಯ ಕಿವಿಯಲ್ಲಿ, "ಮುಂದಿನ ಸಲ ಮೊದಲೇ ಹೇಳೇ, ಹೊಟ್ಟೆ ಒಳಗೆ ಎಳ್ಕೋತೀನಿ," ಎಂದ.

"ಎಳ್ಕೊಂಡ್ರೆ ಅದು ನೀವೇ ಅಂತ ಯಾರಿಗ್ರೀ ಗೊತ್ತಾಗುತ್ತೆ?"